ಹನುಮಂತಯ್ಯನ ಮೂರನೇ ಡಬ್ಬಿ

ಮೂಲಂಗಿ ಬೇಡ ಎಂದದ್ದೇ ಎಲ್ಲ ತೊಂದರೆಗೂ ಮೂಲವಾಯಿತು.

ಭಾನುವಾರ ಮಧ್ಯಾಹ್ನ ಇಂದ್ರಮ್ಮ ಮೂಲಂಗಿ ಸಾರು ಬಡಿಸಲು ಸೌಟು ಎತ್ತಿದಾಗ ಹನುಮಂತಯ್ಯ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, “ಇನ್ನೊಂದು ವಾರ ನನಗೆ ಮೂಲಂಗಿ ಬೇಡ. ಬೀಟ್‌ರೂಟೂ ಬೇಡ. ಮಾಂಸ ಅಂತೂ ಬೇಡವೇ ಬೇಡ,” ಎಂದ.

ಇಪ್ಪತ್ತಾರು ವರ್ಷದಿಂದ ತಟ್ಟೆಗೆ ಬಿದ್ದದ್ದನ್ನು ಅದು ಏನೆಂದು ಕೂಡ ನೋಡದೆ ತಿಂದು ಎದ್ದಿದ್ದ ಗಂಡ ಇದ್ದಕ್ಕಿದ್ದಂತೆ ಪಟ್ಟಿ ಒಪ್ಪಿಸತೊಡಗಿದರೆ ಯಾವ ಹೆಂಡತಿಗೆ ಅನುಮಾನ ಬರುವುದಿಲ್ಲ?

“ಯಾಕ್ರೀ?”

“ಹರಕೆ.”

“ಯಾವ ದೇವ್ರಿಗೆ?”

ಹನುಮಂತಯ್ಯ ಅಷ್ಟು ದೂರ ಯೋಚಿಸಿರಲಿಲ್ಲ. “ಎಲ್ಲಾ ದೇವ್ರಿಗೂ,” ಎಂದ.

“ಮೂಲಂಗಿ ಕಂಡ್ರೆ ಆಗ್ದೇ ಇರೋ ದೇವ್ರನ್ನ ನಾನು ಕೇಳೇ ಇಲ್ಲಪ್ಪ,” ಎಂದು ಇಂದ್ರಮ್ಮ ಸೌಟನ್ನು ಪಾತ್ರೆಗೆ ಬಡಿದಳು. ಆ ಸದ್ದಿಗೆ ಪಕ್ಕದ ಮನೆಯ ಯಶೋದಮ್ಮ ಗೋಡೆಯಾಚೆಯಿಂದ, “ಏನಾಯ್ತೇ ಇಂದ್ರಾ?” ಎಂದರು.

ನಿಜ ಸಂಗತಿ ಬೇರೆ ಇತ್ತು. ಬಾಪೂಜಿ ನಗರದಲ್ಲಿದ್ದ ಹನುಮಂತಯ್ಯನ ಅಣ್ಣ ಮುನಿಯಣ್ಣನಿಗೆ ಹಿಂದಿನ ತಿಂಗಳು ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಆಪರೇಷನ್ ಆಗಿತ್ತು. ಒಂದೂವರೆ ವರ್ಷ ಹೊಟ್ಟೆಯ ತೊಂದರೆಯನ್ನು ಯಾರಿಗೂ ಹೇಳದೆ ಓಮದ ನೀರು ಕುಡಿದುಕೊಂಡು ಕೂತಿದ್ದ ಮನುಷ್ಯ ಅವನು. ಆಸ್ಪತ್ರೆಯ ಮಂಚದ ಮೇಲಿಂದ ತಮ್ಮನ ಕೈ ಹಿಡಿದು, “ನಾನು ನಾಚ್ಕೊಂಡು ಕೂತೆ ಕಣೋ. ನೀನು ಕೂರ್ಬೇಡ. ಮೈಯಲ್ಲಿ ಏನೂ ಇಲ್ದಿದ್ರೂ ಟೆಸ್ಟ್ ಮಾಡಿಸ್ಕೋ. ನನ್ನಾಣೆ,” ಎಂದಿದ್ದ. ಡಾಕ್ಟರು ಹೇಳಿದ್ದೂ ಅದೇ. ಒಡಹುಟ್ಟಿದವರಿಗೆ ಬಂದಿದ್ದರೆ ಐವತ್ತು ದಾಟಿದವರು ಸುಮ್ಮನಿರಬಾರದು. ಕಣ್ಣಿಗೆ ಕಾಣದಷ್ಟು ರಕ್ತ ಹೋಗುತ್ತಿದ್ದರೂ ಲ್ಯಾಬಿನಲ್ಲಿ ಗೊತ್ತಾಗುತ್ತದೆ. ಮೊದಲೇ ಗೊತ್ತಾದರೆ ತೆಗೆದು ಹಾಕಿಸಿಕೊಂಡು ಆರಾಮಾಗಿ ಇರಬಹುದು.

ಹನುಮಂತಯ್ಯನಿಗೆ ಐವತ್ತೊಂದು. ರಾಜಾಜಿನಗರದ ಒಂದು ನಟ್ಟು ಬೋಲ್ಟಿನ ಕಾರ್ಖಾನೆಯಲ್ಲಿ ಟೈಮ್‌ಕೀಪರ್. ಎರಡು ನಿಮಿಷ ತಡವಾಗಿ ಬಂದ ಫಿಟ್ಟರನ್ನು ಗೇಟಿನಲ್ಲೇ ನಿಲ್ಲಿಸಿ ಬೆವರಿಳಿಸುವ ಗಟ್ಟಿಗ. ಆದರೆ ‘ಮಲಪರೀಕ್ಷೆ’ ಎಂಬ ಒಂದು ಮಾತು ಹೊರಗೆ ಬರಬೇಕಾದರೆ ಅವನ ನಾಲಿಗೆ ಗಂಟಲೊಳಗೆ ಇಳಿದು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿತ್ತು. ಹೆಂಡತಿಗೆ ಹೇಳಿದರೆ ಅವಳು ಅಳುತ್ತಾಳೆ. ಅವಳು ಅತ್ತರೆ ಯಶೋದಮ್ಮನಿಗೆ ಕೇಳಿಸುತ್ತದೆ. ಯಶೋದಮ್ಮನಿಗೆ ಕೇಳಿಸಿದ್ದು ಆಕಾಶವಾಣಿಯಲ್ಲಿ ಬಂದ ಹಾಗೆ.

ಅವರಿದ್ದದ್ದು ಆರ್‌ಪಿಸಿ ಲೇಔಟಿನ ಬೈರಪ್ಪನವರ ವಠಾರ. ಎಂಟು ಮನೆ, ಒಂದು ಗೇಟು, ಒಂದು ನಲ್ಲಿ. ನಡುಗೋಡೆಗಳು ಎಷ್ಟು ತೆಳುವೆಂದರೆ ಮೊದಲನೇ ಮನೆಯಲ್ಲಿ ಆಕಳಿಸಿದರೆ ಮೂರನೇ ಮನೆಯವರು ಚಿಟಿಕೆ ಹೊಡೆಯುತ್ತಿದ್ದರು.

ರಾಜಾಜಿನಗರದ ಲ್ಯಾಬಿನವರು ಮೂರು ಪುಟ್ಟ ಬಿಳಿ ಡಬ್ಬಿ ಕೊಟ್ಟಿದ್ದರು. ಒಂದೊಂದರ ಮೇಲೂ ‘ಸ್ಯಾಂಪಲ್ – ಹನುಮಂತಯ್ಯ’ ಎಂಬ ಚೀಟಿ. ಟೆಸ್ಟ್ ಮುಗಿಯುವ ತನಕ ಮೂಲಂಗಿ, ಬೀಟ್‌ರೂಟು, ಮಾಂಸ ತಿಂದರೆ ಫಲಿತಾಂಶ ತಪ್ಪು ಬರುತ್ತದೆ ಎಂದಿದ್ದರು. ದಿನಕ್ಕೊಂದರಂತೆ ಮೂರು ದಿನ, ಬೆಳಿಗ್ಗೆ ಹನ್ನೊಂದರೊಳಗೆ ತಂದು ಮುಟ್ಟಿಸಬೇಕು. ಗುರುವಾರದ್ದು ಯಾರ ಕಣ್ಣಿಗೂ ಬೀಳದೆ ಮುಟ್ಟಿತು. ಶುಕ್ರವಾರದ್ದೂ ಮುಟ್ಟಿತು. ಶನಿವಾರ ಅವನು ಮೂರನೇ ಡಬ್ಬಿಯನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ, ವಯರ್ ಬ್ಯಾಗಿಗೆ ಹಾಕಿ, ಇಷ್ಟೇ ತಾನೇ ಎಂದು ಹಗುರಾಗಿ ಗೇಟಿಗೆ ಬಂದ.

ಗೇಟಿನ ಪಕ್ಕ ಕಬ್ಬಿಣದ ಕುರ್ಚಿಯಲ್ಲಿ ಗುರುಸಿದ್ದಯ್ಯನವರು ಕೂತಿದ್ದರು. ಎದುರು ಮನೆಯವರು, ರಿಟೈರಾದ ಮಿಡ್ಲ್ ಸ್ಕೂಲ್ ಮೇಷ್ಟರು. ಅಚ್ಚಾದ ಅಕ್ಷರ ಎಲ್ಲಿ ಕಂಡರೂ ಓದದೆ ಬಿಡುವವರಲ್ಲ. ಕಡಲೆಕಾಯಿ ಕಟ್ಟಿದ ಪೊಟ್ಟಣವನ್ನೂ ಬಿಡಿಸಿ, ಎರಡೂ ಮಗ್ಗುಲು ಓದಿ, ಆಮೇಲೆ ಕಡಲೆಕಾಯಿ ತಿನ್ನುತ್ತಿದ್ದರು.

“ಹನುಮಂತಯ್ಯ, ನಿಲ್ರೀ ನಿಲ್ರೀ. ಬ್ಯಾಗಲ್ಲಿರೋದು ಮಂಗಳವಾರದ ಪೇಪರ್ ಅಲ್ವೇ? ಆವತ್ತಿನ ಮೂರನೇ ಪುಟ ನಂಗೆ ಸಿಕ್ಕೇ ಇಲ್ಲ. ನಮ್ಮವಳು ಒಲೆ ಹಚ್ಚಿಬಿಟ್ಲು.”

ಹನುಮಂತಯ್ಯ ಬ್ಯಾಗನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಮೇಷ್ಟರ ಕೈ ಒಳಗೆ ಹೋಗಿ, ಪೇಪರು ಬಿಚ್ಚಿಕೊಂಡು, ಡಬ್ಬಿ ಉರುಳಿ ಅವರ ತೊಡೆಯ ಮೇಲೆ ಕೂತಿತ್ತು. ಅದರ ಮೇಲೂ ಅಕ್ಷರಗಳಿದ್ದವು. ಮೇಷ್ಟರು ಕನ್ನಡಕ ಸರಿಮಾಡಿಕೊಂಡರು.

“ಸ್ಯಾಂಪಲ್. ಹನುಮಂತಯ್ಯ,” ಎಂದು ಹಾಜರಿ ಕರೆದ ಹಾಗೆ ಓದಿದರು. “ಏನ್ ಸ್ಯಾಂಪಲ್ಲು?”

ಹನುಮಂತಯ್ಯನ ಕಣ್ಣು ಸುತ್ತಲೂ ಓಡಾಡಿ ಗೇಟಿನ ಬಳಿಯ ಕ್ರೋಟನ್ ಕುಂಡದ ಮೇಲೆ ನಿಂತಿತು. “ಮಣ್ಣು,” ಎಂದ.

“ಮಣ್ಣೇ?”

“ಮಣ್ಣೇ ಸಾರ್. ಪರೀಕ್ಷೆ ಮಾಡ್ಸೋಕೆ.”

ಇಷ್ಟು ಹೇಳಿ ಡಬ್ಬಿ ಕಿತ್ತುಕೊಂಡು ಓಡಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಷ್ಟರಿಗೆ ತರ್ಕ ಚೆನ್ನಾಗಿ ಬರುತ್ತಿತ್ತು. “ಮನುಷ್ಯ ಮಣ್ಣು ಪರೀಕ್ಷೆ ಯಾಕೆ ಮಾಡಿಸ್ತಾನೆ? ಮನೆ ಕಟ್ಟೋಕೆ. ಮನೆ ಯಾವುದರ ಮೇಲೆ ಕಟ್ತಾನೆ? ಸೈಟಿನ ಮೇಲೆ. ಅಂದ್ರೆ...” ಎಂದು ಎದ್ದು ನಿಂತು ಹನುಮಂತಯ್ಯನ ಕೈ ಹಿಡಿದು ಕುಲುಕಿದರು. “ಸೈಟ್ ತಗೊಂಡ್ರಾ! ಬಾಯಿ ಬಿಡ್ಲಿಲ್ಲವಲ್ರೀ, ಭಾರಿ ಆಸಾಮಿ!”

ನಲ್ಲಿಯ ಹತ್ತಿರ ಬಿಂದಿಗೆ ತೊಳೆಯುತ್ತಿದ್ದ ಯಶೋದಮ್ಮ ಬಿಂದಿಗೆಯನ್ನು ಅಲ್ಲೇ ಬಿಟ್ಟರು. “ಇಂದ್ರಾ! ಏ ಇಂದ್ರಾ! ಸೈಟ್ ತಗೊಂಡ್ರಂತಲ್ಲೇ! ನಮ್ಮ ಕಣ್ಣು ಬೀಳತ್ತೆ ಅಂತ ಮುಚ್ಚಿಟ್ಯೇನೇ?”

ಇಂದ್ರಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹದಿನೈದು ವರ್ಷದಿಂದ ಸೈಟು ಸೈಟು ಎಂದು ಗಂಡನ ಕಿವಿ ತೂತು ಮಾಡಿದ್ದವಳು. “ನಾನು ಕೇಳಿ ಕೇಳಿ ಸಾಕಾಗಿ ಬಿಟ್ಟ ಮೇಲೆ ನನಗೇ ಹೇಳ್ದೆ ತಗೊಂಡ್ರಾ? ಎಲ್ರೀ?”

ಎಂಟು ಮನೆಯ ಬಾಗಿಲುಗಳೂ ತೆರೆದಿದ್ದವು. ಆ ಕಣ್ಣುಗಳ ಮುಂದೆ ನಿಜ ಹೇಳುವುದಕ್ಕಿಂತ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುವುದು ಸುಲಭವಾಗಿತ್ತು. ಭೂಮಿ ಬಾಯಿ ಬಿಡಲಿಲ್ಲ, ಹನುಮಂತಯ್ಯ ಬಿಟ್ಟ. “ಹೆಗ್ಗನಹಳ್ಳಿ ಕಡೆ,” ಎಂದ. ಯಾವುದೋ ಬಸ್ಸಿನ ಬೋರ್ಡಿನಲ್ಲಿ ನೋಡಿದ್ದ ಹೆಸರು.

“ಹೆಗ್ಗನಳ್ಳೀಲಾ?”

ಧ್ವನಿ ಮೇಲಿನಿಂದ ಬಂತು. ಮುಂದಿನ ಮನೆಯ ಮಹಡಿ ಮೆಟ್ಟಿಲಲ್ಲಿ ಹಲ್ಲುಪುಡಿ ಕೈಯಲ್ಲಿ ಹಿಡಿದು ವಠಾರದ ಮಾಲೀಕರು ಬೈರಪ್ಪನವರು ನಿಂತಿದ್ದರು. ಅರವತ್ತು ದಾಟಿದರೂ ಎತ್ತಿನಂಥ ಹೆಗಲು. ಹೆಗ್ಗನಹಳ್ಳಿ ಅವರ ಹುಟ್ಟೂರು. ಅರ್ಧ ಊರು ಅವರ ಹೊಲ, ಉಳಿದರ್ಧ ಅವರ ದಾಯಾದಿಗಳದ್ದು.

“ನಮ್ಮೂರಲ್ಲಿ ನನಗೆ ಗೊತ್ತಿಲ್ದಂಗೆ ಯಾವನಯ್ಯ ನಿನಗೆ ಜಾಗ ಮಾರಿದ್ದು? ಮರಿಯಪ್ಪನಾ?”

ಯಾವ ಹೆಸರು ಹೇಳಿದ್ದರೂ ಹನುಮಂತಯ್ಯ ತಲೆಯಾಡಿಸುತ್ತಿದ್ದ. ಇದಕ್ಕೂ ಆಡಿಸಿದ.

ಬೈರಪ್ಪನವರು ಹಲ್ಲುಪುಡಿ ಉಗಿದರು. “ಕೆಟ್ಟೆ ಕಣಯ್ಯ ನೀನು! ಅದು ಕೋರ್ಟಲ್ಲಿರೋ ಜಾಗ! ನಮ್ಮ ತಾತನ ಜಮೀನು. ಹನ್ನೊಂದು ವರ್ಷದಿಂದ ನಾನೂ ಅವನೂ ಬಡಿದಾಡ್ತಾ ಇದೀವಿ. ಎಲ್ಲಿ, ಮಣ್ಣು ಕೊಡಿಲ್ಲಿ. ನಮ್ಮ ಹೊಲದ ಮಣ್ಣಾದ್ರೆ ಕಣ್ಣು ಮುಚ್ಚಿ ಮೂಸಿ ಹೇಳ್ತೀನಿ, ಕೆರೆ ಮಗ್ಗುಲದೋ ದಿಣ್ಣೆ ಮೇಲಿಂದೋ ಅಂತ.”

ಹನುಮಂತಯ್ಯ ಡಬ್ಬಿಯನ್ನು ಎದೆಗೆ ಅವಚಿಕೊಂಡ. “ಬೇಡಿ ಬೈರಪ್ಪನೋರೇ! ಮುಚ್ಚಳ ತೆಗೆದ್ರೆ ಗಾಳಿ ತಾಕಿ ಕೆಟ್ಟೋಗತ್ತೆ!”

“ಮಣ್ಣು ಕೆಡ್ತದೇನಯ್ಯ? ಸಾವಿರಾರು ವರ್ಷದಿಂದ ಗಾಳೀಲೇ ಬಿದ್ದೈತೆ!”

“ಇದು... ಬಹಳ ಸೂಕ್ಷ್ಮದ ಮಣ್ಣು.”

“ಸರಿ. ಗಾಡಿ ಹತ್ತು. ಆ ಮರಿಯನ ಮುಂದೇನೇ ಮೂಸ್ತೀನಿ.”

ಬೈರಪ್ಪನವರ ಬಳಿ ಇಟ್ಟಿಗೆ ಹೊರುವ ಒಂದು ಮೆಟಾಡೋರ್ ಇತ್ತು. ಹನುಮಂತಯ್ಯ ‘ನನಗೆ ಡ್ಯೂಟಿ ಇದೆ’ ಎಂದ, ಯಾರೂ ಕೇಳಲಿಲ್ಲ. ‘ಹೊಟ್ಟೆ ನೋವು’ ಎಂದ. ಯಶೋದಮ್ಮ ಇಂಗು ತಂದು ಕೊಟ್ಟರು. ಕೊನೆಗೆ ಬೈರಪ್ಪನವರು ಸ್ಟೇರಿಂಗ್ ಹಿಡಿದರು. ಪಕ್ಕದಲ್ಲಿ ಗುರುಸಿದ್ದಯ್ಯನವರು, “ಪತ್ರ ಗಿತ್ರ ಓದೋಕೆ ಒಬ್ರು ಬೇಕಲ್ಲ” ಎಂದು ಹತ್ತಿ ಕೂತರು. ಹಿಂದೆ ಇಟ್ಟಿಗೆ ಪುಡಿಯ ಮೇಲೆ ಚಾಪೆ ಹಾಸಿ ಹನುಮಂತಯ್ಯ, ಇಂದ್ರಮ್ಮ. “ಇಂದ್ರ ಒಬ್ಳೇ ಆಗ್ತಾಳೆ” ಎಂದು ಯಶೋದಮ್ಮ.

ಮಾಗಡಿ ರಸ್ತೆಯ ಹಳ್ಳಗಳಲ್ಲಿ ಮೆಟಾಡೋರ್ ಕುಪ್ಪಳಿಸಿದಾಗಲೆಲ್ಲ ಹನುಮಂತಯ್ಯ ಡಬ್ಬಿಯ ಮುಚ್ಚಳ ಅದುಮಿ ಹಿಡಿಯುತ್ತಿದ್ದ. ವಾಚು ನೋಡಿಕೊಂಡ. ಒಂಬತ್ತೂ ಮುಕ್ಕಾಲು. ಲ್ಯಾಬು ಪೂರ್ವಕ್ಕೆ, ಗಾಡಿ ಪಶ್ಚಿಮಕ್ಕೆ.

ಇಂದ್ರಮ್ಮನ ಕೋಪ ಸುಂಕದಕಟ್ಟೆಯ ಹೊತ್ತಿಗೆ ಕರಗಿತ್ತು. ಗಂಡನ ಕಿವಿಯ ಹತ್ತಿರ ಬಾಗಿ, “ಎಷ್ಟು ಅಳತೆ ರೀ?” ಎಂದಳು.

“ತರ್ಟಿ ಫಾರ್ಟಿ.”

“ಅಡಿಗೆ ಮನೆ ಪೂರ್ವಕ್ಕಿರ್ಲಿ.”

“ಇರ್ಲಿ.”

“ಹಿಂದ್ಗಡೆ ಒಂದು ಒಗೆಯೋ ಕಲ್ಲು. ನಮ್ಮದೇ. ಯಾರೂ ಸರದಿ ಅಂತ ಕೂಗ್ಬಾರ್ದು.”

“ಹೂಂ,” ಎಂದ ಹನುಮಂತಯ್ಯ. ಇಷ್ಟು ವರ್ಷದಲ್ಲಿ ಅವಳ ಮುಖ ಹೀಗೆ ಅರಳಿದ್ದನ್ನು ಅವನು ನೋಡಿರಲಿಲ್ಲ. ಹೇಳಿಬಿಡಲೇ ಎಂದುಕೊಂಡ. ಅಷ್ಟರಲ್ಲಿ ಅವಳು ಬಾಗಿಲಿಗೆ ಯಾವ ಬಣ್ಣ ಎಂದು ಕೇಳಿದಳು. ಹಸಿರು ಎಂದ.

ಹೆಗ್ಗನಹಳ್ಳಿಯಲ್ಲಿ ಮರಿಯಪ್ಪನವರು ಅಂಗಳದಲ್ಲಿ ಎಮ್ಮೆ ತೊಳೆಯುತ್ತಿದ್ದರು. ಬೈರಪ್ಪನವರು ಗಾಡಿ ನಿಲ್ಲಿಸುವ ಮೊದಲೇ ಬೈಗುಳ ಶುರುವಾಗಿತ್ತು. “ಏನ್ಲಾ ಮರಿಯ! ಕೋರ್ಟಲ್ಲಿರೋ ಜಾಗಾನ ನಮ್ಮ ಬಾಡಿಗೆಯೋರಿಗೆ ಮಾರ್ಕೊಂಡಿದೀಯಂತೆ?”

ಮರಿಯಪ್ಪನವರು ಹನುಮಂತಯ್ಯನನ್ನು ನೋಡಿದರು. ಜನ್ಮದಲ್ಲಿ ನೋಡಿರದ ಮುಖ. ‘ಇಲ್ಲ’ ಎಂಬ ಮಾತು ಅವರ ಬಾಯಿಯ ತನಕ ಬಂದದ್ದು ಹನುಮಂತಯ್ಯನಿಗೆ ಸ್ಪಷ್ಟವಾಗಿ ಕಂಡಿತು; ಬದುಕಿದೆ ಎಂದುಕೊಂಡ. ಆದರೆ ಮರಿಯಪ್ಪನವರು ಆಮೇಲೆ ಬೈರಪ್ಪನವರ ಮುಖ ನೋಡಿದರು. ಆ ಮುಖ ಕೋಪಕ್ಕೆ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದು ಕಂಡು ಅವರಿಗೆ ಹನ್ನೊಂದು ವರ್ಷದಲ್ಲಿ ಸಿಗದಷ್ಟು ಸಂತೋಷವಾಯಿತು.

“ಹೂಂ ಕಣ್ಲಾ, ಮಾರಿದೀನಿ! ಏನೀಗ? ಈ ಯಜಮಾನ್ರಿಗೇ ಮಾರಿದೀನಿ. ಬೇಕಾದ್ರೆ ಇನ್ನೂ ನಾಕು ಸೈಟ್ ಮಾರ್ತೀನಿ!”

ಇಂದ್ರಮ್ಮ ಮುಂದೆ ಬಂದು ಮರಿಯಪ್ಪನವರಿಗೆ ಕೈ ಮುಗಿದಳು. “ನೀರಿಗೆ ಹೆಂಗಣ್ಣ ಇಲ್ಲಿ?”

“ಕಾವೇರಿ ಬರ್ತದೆ ತಾಯಿ. ಮುಂದಿನ ವರ್ಷ.”

“ದಾಖಲೆ ಬೇಕು, ದಾಖಲೆ,” ಎಂದರು ಗುರುಸಿದ್ದಯ್ಯನವರು.

“ದಾಖಲೆ ಇಲ್ಲೈತೆ!” ಎಂದು ಬೈರಪ್ಪನವರು ತಟ್ಟನೆ ತಿರುಗಿ ಹನುಮಂತಯ್ಯನ ಎದೆಯಿಂದ ಡಬ್ಬಿ ಕಿತ್ತುಕೊಂಡರು. “ಇದು ನಮ್ಮ ತಾತ ಉತ್ತ ಮಣ್ಣೇ ಆದ್ರೆ ನನಗೆ ಗೊತ್ತಾಯ್ತದೆ. ಸೋಮವಾರ ಕೋರ್ಟಲ್ಲಿ ಜಡ್ಜಿ ಮುಂದೇನೇ ಇಡ್ತೀನಿ!”

“ಬೇಡಿ!” ಎಂದು ಹನುಮಂತಯ್ಯ ಕಿರುಚಿದ.

ಬೈರಪ್ಪನವರು ಮುಚ್ಚಳ ತೆಗೆದರು. ಭಕ್ತಿಯಿಂದ ಕಣ್ಣು ಮುಚ್ಚಿದರು. ಡಬ್ಬಿಯನ್ನು ಮೂಗಿನ ಬುಡಕ್ಕೆ ಹಿಡಿದು ಎದೆ ತುಂಬ ಉಸಿರೆಳೆದುಕೊಂಡರು.

ಎಳೆದುಕೊಂಡ ಉಸಿರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಎಮ್ಮೆ ಕೂಡ ಬಾಲ ಆಡಿಸುವುದನ್ನು ನಿಲ್ಲಿಸಿತು.

“ಏನ್ಲಾ ಬೈರ? ನಮ್ಮ ತಾತನ ಮಣ್ಣೋ ಅಲ್ವೋ?” ಎಂದರು ಮರಿಯಪ್ಪನವರು.

ಬೈರಪ್ಪನವರು ಕಣ್ಣು ಬಿಟ್ಟರು. ಕಣ್ಣಲ್ಲಿ ನೀರಿತ್ತು. ಮುಚ್ಚಳವನ್ನು ನಿಧಾನವಾಗಿ, ಬಹಳ ಬಿಗಿಯಾಗಿ ಹಾಕಿದರು. “ಮರಿಯ,” ಎಂದರು ಕ್ಷೀಣ ಸ್ವರದಲ್ಲಿ, “ಆ ಜಮೀನು ನೀನೇ ಇಟ್ಕೊಳ್ಳಪ್ಪ. ನನಗೆ ಬೇಡ. ಸೋಮವಾರವೇ ಕೇಸು ವಾಪಸ್ ತಗೋತೀನಿ.”

ಗೆದ್ದದ್ದಕ್ಕೆ ಹಿಗ್ಗಬೇಕಾದ ಮರಿಯಪ್ಪನವರಿಗೆ ಇದರಿಂದ ಅವಮಾನವೇ ಆಯಿತು. “ಅಂಥದ್ದೇನಾಗೈತೆ ನಮ್ಮ ತಾತನ ಮಣ್ಣಿಗೆ? ಕೊಡು ಇಲ್ಲಿ. ನೀನು ಮೂಸ್ತೀಯ, ನಾನು ನಾಲಿಗೆ ಮೇಲಿಟ್ಟೇ ಹೇಳ್ತೀನಿ!” ಎಂದು ಡಬ್ಬಿಗೆ ಕೈ ಹಾಕಿದರು.

ಇನ್ನೂ ನಿಜ ಮುಚ್ಚಿಟ್ಟರೆ ಪಾಪ ಸುತ್ತಿಕೊಳ್ಳುತ್ತದೆ ಎನ್ನಿಸಿ ಹನುಮಂತಯ್ಯ ಇಬ್ಬರ ನಡುವೆ ನುಗ್ಗಿದ. “ಅದು ಮಣ್ಣಲ್ಲ! ಮುಟ್ಬೇಡಿ! ಅದು ನಂದು!”

“ನಿಂದು ಅಂದ್ರೆ? ಜಮೀನಾ?”

“ಜಮೀನಲ್ಲ! ನಂದು! ನಂದೇ! ಬೆಳಿಗ್ಗೆದು! ಲ್ಯಾಬಿಗೆ!”

ಮೊದಲು ಅರ್ಥವಾದದ್ದು ಯಶೋದಮ್ಮನಿಗೆ. ಅವರು ಸೆರಗನ್ನು ಬಾಯಿಗೆ ತುರುಕಿಕೊಂಡು ಮೆಟಾಡೋರಿನ ಚಕ್ರದ ಪಕ್ಕ ಕುಸಿದು ಕೂತರು; ಹೆಗಲು ಮಾತ್ರ ಕುಣಿಯುತ್ತಿತ್ತು. ಗುರುಸಿದ್ದಯ್ಯನವರು ತಮ್ಮ ಎರಡೂ ಅಂಗೈಯನ್ನು ನೋಡಿಕೊಂಡರು, ಆಮೇಲೆ ತೊಡೆ ನೋಡಿಕೊಂಡರು, ಬಹುಶಃ ಬದುಕಿನಲ್ಲಿ ಮೊದಲ ಸಲ ಓದಿದ್ದಕ್ಕೆ ಪಶ್ಚಾತ್ತಾಪಪಟ್ಟರು. ಬೈರಪ್ಪನವರು ಎಮ್ಮೆಗೆಂದು ಇಟ್ಟಿದ್ದ ನೀರಿನ ತೊಟ್ಟಿಗೆ ತಲೆಯನ್ನೇ ಅದ್ದಿ, ಮೇಲೆದ್ದು, ಮತ್ತೆ ಅದ್ದಿದರು.

“ನಿನ್ನ ಎರಡು ಕಾಲೂ ಮುರೀತೀನಿ!” ಎಂದು ನೀರು ಸುರಿಸುತ್ತ ಬಂದರು. “ನನ್ನ ಕೈಲಿ ಏನ್ ಮೂಸಿಸ್ದೆ ನೀನು!”

ಆಗ ಹನುಮಂತಯ್ಯ ಅತ್ತುಬಿಟ್ಟ. ವಾರದಿಂದ ಒಳಗೆ ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಗೇ ಹೊರಗೆ ಬಂತು. ಅಣ್ಣನಿಗೆ ಏನಾಯಿತು, ಡಾಕ್ಟರು ಏನು ಹೇಳಿದರು, ಅಣ್ಣ ಯಾಕೆ ಆಣೆ ಹಾಕಿಸಿದ, ಪ್ರತಿ ದಿನ ಬೆಳಿಗ್ಗೆ ಆ ಬಿಳಿ ಡಬ್ಬಿ ನೋಡಿದಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ. “ನಂಗೂ ಇದ್ರೆ ಏನ್ಮಾಡೋದು ಅಂತ ಭಯ. ಇಲ್ದಿದ್ರೆ ಸುಮ್ನೆ ನಗೆಪಾಟಲಾಗ್ತೀನಲ್ಲ ಅಂತ ನಾಚಿಕೆ. ಹನ್ನೊಂದರೊಳಗೆ ಕೊಡ್ಬೇಕಿತ್ತು,” ಎಂದು ಮೂಗು ಒರೆಸಿಕೊಂಡ.

ಇಂದ್ರಮ್ಮ ಅವನನ್ನೇ ನೋಡುತ್ತಿದ್ದಳು. “ಹಂಗಾದ್ರೆ ಸೈಟಿಲ್ವಾ?” ಎಂದಳು.

“ಇಲ್ಲ ಕಣೇ.”

“ಹಸಿರು ಬಾಗಿಲು ಅಂತ ಬೇರೆ ಹೇಳಿದ್ರಿ. ಹಾಳಾಗ್ಲಿ ಸೈಟು. ಮೂಲಂಗಿ ಬೇಡ ಅನ್ನೋಕೆ ಬಾಯಿ ಬರತ್ತೆ, ಭಯ ಆಗತ್ತೆ ಕಣೇ ಅನ್ನೋಕೆ ಬರಲ್ವಾ ನಿಮಗೆ? ನಾನೇನು ಪಕ್ಕದ ಮನೆಯೋಳಾ?” ಎಂದು ಅವನ ಭುಜಕ್ಕೆ ಎರಡೇಟು ಕೊಟ್ಟು, ಅದೇ ಭುಜಕ್ಕೆ ಹಣೆ ಒತ್ತಿ ಅತ್ತಳು. ಪಕ್ಕದ ಮನೆಯ ಯಶೋದಮ್ಮ ನಗುವುದನ್ನು ಬಿಟ್ಟು ಕಣ್ಣು ಒರೆಸಿಕೊಂಡರು.

ಬೈರಪ್ಪನವರು ಮಾತ್ರ ಯಾಕೋ ಕಾಲು ಮುರಿಯುವ ಮಾತನ್ನೇ ಮರೆತಿದ್ದರು. ಹನುಮಂತಯ್ಯನನ್ನು ತೋಳು ಹಿಡಿದು ಎಮ್ಮೆಯ ಆಚೆ ಮಗ್ಗುಲಿಗೆ ಕರೆದುಕೊಂಡು ಹೋದರು.

“ಕಣ್ಣಿಗೆ ಕಾಣ್ದಿರೋ ರಕ್ತಕ್ಕೇ ಇಷ್ಟೆಲ್ಲಾನಾ?”

“ಹೂಂ. ಡಾಕ್ಟ್ರು ಹಂಗೇ ಹೇಳಿದ್ರು.”

“ಕಣ್ಣಿಗೆ ಕಂಡ್ರೆ?”

ಹನುಮಂತಯ್ಯ ಅವರ ಮುಖ ನೋಡಿದ. ವಠಾರವನ್ನೇ ನಡುಗಿಸುವ ಆ ಮುಖ ಈಗ ಅಣ್ಣನ ಮುಖದ ಹಾಗೆ ಕಂಡಿತು.

“ಯುಗಾದಿಯಿಂದ,” ಎಂದರು ಬೈರಪ್ಪನವರು ನೆಲ ನೋಡುತ್ತ. “ಮೂಲವ್ಯಾಧಿ ಅಂದ್ಕೊಂಡಿದ್ದೆ. ನಮ್ಮ ಮನೆಯೋಳು ಲಕ್ಷ್ಮಿದೇವಿಗೂ ಹೇಳಿಲ್ಲ. ನೀನು ಯಾರಿಗೂ...”

“ಗಾಡಿ ಹತ್ತಿ,” ಎಂದ ಹನುಮಂತಯ್ಯ.

“ಏನು?”

“ಹತ್ತೂ ಮೂವತ್ತೈದು ಆಯ್ತು. ಗಾಡಿ ಹತ್ತಿ ಅಂದೆ!” ಕಾರ್ಖಾನೆಯ ಗೇಟಿನಲ್ಲಿ ಫಿಟ್ಟರುಗಳ ಬೆವರಿಳಿಸುವ ಧ್ವನಿ ಅದು. ಹನುಮಂತಯ್ಯ ಬಾಡಿಗೆಗೆ ಬಂದ ಆರು ವರ್ಷದಲ್ಲಿ ಮೊದಲ ಸಲ ವಠಾರದ ಮಾಲೀಕರು ಬಾಡಿಗೆದಾರನ ಮಾತಿಗೆ ಎದುರಾಡದೆ ಗಾಡಿ ಹತ್ತಿದರು.

ಮೆಟಾಡೋರ್ ವಾಪಸ್ಸು ಬಂದ ವೇಗಕ್ಕೆ ಮಾಗಡಿ ರಸ್ತೆಯ ಕೋಳಿಗಳು ಹಾರುವುದನ್ನು ಕಲಿತವು. ಗುರುಸಿದ್ದಯ್ಯನವರು ಕಿಟಕಿಯಿಂದ ಅರ್ಧ ಹೊರಗೆ ಬಾಗಿ, “ಸರೀರಪ್ಪಾ, ಎಮರ್ಜೆನ್ಸಿ, ಎಮರ್ಜೆನ್ಸಿ!” ಎಂದು ಕೂಗುತ್ತಿದ್ದರು. ಒಬ್ಬ ಟ್ರಾಫಿಕ್ ಪೊಲೀಸು ಹಿಂದೆ ಅಳುತ್ತ ನಗುತ್ತ ಕೂತ ಇಬ್ಬರು ಹೆಂಗಸರನ್ನು ಕಂಡು, ಯಾರೋ ಹೆರಿಗೆಗೆ ಹೊರಟಿದ್ದಾರೆಂದು ದಾರಿ ಬಿಡಿಸಿಕೊಟ್ಟ.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಹನುಮಂತಯ್ಯ ಲ್ಯಾಬಿನ ಕಿಟಕಿಯಲ್ಲಿ ಡಬ್ಬಿ ಇಟ್ಟ. ಲ್ಯಾ‌ಬಿನವನು ಚೀಟಿ ನೋಡಿ, “ಮೂರನೇದಾ? ಸರಿ,” ಎಂದು ಹಿಂದಿನ ತಟ್ಟೆಯಲ್ಲಿ ಇಟ್ಟ. ಅಲ್ಲಿ ಅಂಥವೇ ಇಪ್ಪತ್ತು ಡಬ್ಬಿಗಳಿದ್ದವು. ಆ ಮನುಷ್ಯ ನಗಲಿಲ್ಲ, ಮೂಗು ಮುಚ್ಚಲಿಲ್ಲ, ಇನ್ನೊಂದು ಕೈಯಲ್ಲಿ ಬೋಂಡಾ ತಿನ್ನುತ್ತಿದ್ದ. ಇದಕ್ಕೇ ಏನು ನಾನು ವಾರವೆಲ್ಲ ಬೆವತದ್ದು ಎಂದು ಹನುಮಂತಯ್ಯನಿಗೆ ತನ್ನ ಮೇಲೇ ಸಿಟ್ಟು ಬಂತು. ಬೈರಪ್ಪನವರನ್ನು ಕೈ ಹಿಡಿದು ಡಾಕ್ಟರ ಕೋಣೆಗೆ ಕರೆದುಕೊಂಡು ಹೋಗಿ, ಅವರು ‘ಸ್ವಲ್ಪ ಗ್ಯಾಸು’ ಎಂದು ಶುರು ಮಾಡಿದಾಗ, “ಸುಳ್ಳು ಡಾಕ್ಟ್ರೇ. ಯುಗಾದಿಯಿಂದ ರಕ್ತ,” ಎಂದು ಆ ಮಾತನ್ನು ತಾನೇ ಹೇಳಿದ.

ಹನುಮಂತಯ್ಯನ ಮೂರೂ ಡಬ್ಬಿಯಲ್ಲಿ ಏನೂ ಇರಲಿಲ್ಲ. ವರ್ಷಕ್ಕೊಂದು ಸಲ ಬಂದು ಹೋಗಿ ಎಂದರು. ಬೈರಪ್ಪನವರ ಕರುಳಿನಲ್ಲಿ ಅಡಿಕೆಯಷ್ಟು ಗಾತ್ರದ ಗಂಟಿತ್ತು. ಎಲ್ಲೂ ಹರಡಿರಲಿಲ್ಲ. ಹನ್ನೆರಡು ದಿನದಲ್ಲಿ ಆಪರೇಷನ್ ಮಾಡಿ ತೆಗೆದರು. ‘ಇನ್ನೊಂದು ವರ್ಷ ಮೂಲವ್ಯಾಧಿ ಅಂತ ಕೂತಿದ್ದರೆ ನಾನು ಬೇರೆ ಮಾತು ಹೇಳಬೇಕಾಗುತ್ತಿತ್ತು’ ಎಂದರು ಸರ್ಜನ್ನು. ಆಸ್ಪತ್ರೆಗೆ ದಿನಾ ಹಾಲು ತಂದುಕೊಟ್ಟವರು ಮರಿಯಪ್ಪನವರು. ಕೇಸು ಮಾತ್ರ ಮೊದಲಿನ ಹಾಗೇ ನಡೆಯುತ್ತಿತ್ತು. ಅದು ಬೇರೆ ವಿಷಯ ಎಂದು ಇಬ್ಬರೂ ಒಪ್ಪಿಕೊಂಡಿದ್ದರು.

ಮನೆಗೆ ಬಂದ ಮೂರನೇ ದಿನ ಬೈರಪ್ಪನವರು ಮಹಡಿ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ವಠಾರವನ್ನೆಲ್ಲ ಕರೆಸಿದರು. ಇಡೀ ಬೀದಿಗೆ ಕೇಳುವ ಹಾಗೆ ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದರು. ಮೂಸಿದ ಭಾಗವನ್ನು ಎರಡು ಸಲ ಹೇಳಿದರು. “ಈ ಹನುಮಂತಯ್ಯ ಇಲ್ದಿದ್ರೆ ನಾನಿವತ್ತು ಫೋಟೋ ಆಗಿರ್ತಿದ್ದೆ. ಈಗ ಕೇಳ್ರಪ್ಪ. ಐವತ್ತು ದಾಟಿದ ಎಲ್ರೂ ಟೆಸ್ಟ್ ಮಾಡಿಸ್ಬೇಕು. ನಾಚ್ಕೆ ಗೀಚ್ಕೆ ಅನ್ನೋರು ಮನೆ ಖಾಲಿ ಮಾಡಿ. ಡಬ್ಬಿ ಮುಟ್ಸೋಕೆ ನಮ್ಮ ಹನುಮಂತಯ್ಯ ಅವ್ನೆ. ಹೆಂಗೂ ಅವನ ಕಾರ್ಖಾನೆ ಅದೇ ದಾರಿ.”

ಮರುವಾರದಿಂದ ಬೆಳಿಗ್ಗೆ ಏಳಕ್ಕೆ ಹನುಮಂತಯ್ಯನ ಬಾಗಿಲು ಬಡಿಯತೊಡಗಿತು. ಗುರುಸಿದ್ದಯ್ಯನವರು ಡಬ್ಬಿಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ಊರು ಬರೆದು ಕೊಟ್ಟರು. ಯಶೋದಮ್ಮ ಸೆರಗಿನಲ್ಲಿ ಮುಚ್ಚಿ ತಂದು, “ಯಾರ್ದು ಅಂತ ಯಾರಿಗೂ ಹೇಳ್ಬೇಡಿ,” ಎಂದು ವಠಾರಕ್ಕೆಲ್ಲ ಕೇಳುವಂತೆ ಪಿಸುಗುಟ್ಟಿದರು. ಆಮೇಲೆ ಪಕ್ಕದ ಬೀದಿ, ಆಮೇಲೆ ಕಾರ್ಖಾನೆ. ಎರಡು ತಿಂಗಳಲ್ಲಿ ಅವನಿಗೆ ‘ಡಬ್ಬಿ ಹನುಮಂತಯ್ಯ’ ಎಂಬ ಹೆಸರು ಬಿದ್ದು, ಬಸ್ಸಿನಲ್ಲಿ ಅವನ ಪಕ್ಕದ ಸೀಟು ಸದಾ ಖಾಲಿ ಇರತೊಡಗಿತು.

“ಇನ್ನು ನನ್ನ ಕೈಲಾಗಲ್ಲ ಕಣೇ,” ಎಂದ ಒಂದು ದಿನ. “ಎಲ್ಲಾದ್ರೂ ನಮ್ಮನ್ನ ಯಾರಿಗೂ ಗೊತ್ತಿಲ್ದಿರೋ ಕಡೆ ಹೋಗೋಣ.”

ಬಸವೇಶ್ವರನಗರದಲ್ಲಿ ಒಂದು ಮನೆ ಖಾಲಿ ಇದೆ ಎಂದು ಗೊತ್ತಾಗಿ ಭಾನುವಾರ ಗಂಡ ಹೆಂಡತಿ ಯಾರಿಗೂ ಹೇಳದೆ ಹೊರಟರು. ಮನೆ ಚೆನ್ನಾಗಿತ್ತು. ಅಡಿಗೆ ಮನೆ ಪೂರ್ವಕ್ಕಿತ್ತು. ಮಾಲೀಕರಾದ ಗಂಗಲಕ್ಷ್ಮಮ್ಮ, ಕರಿಬಸಪ್ಪ ದಂಪತಿ ನಿಧಾನದ ಜನ, ಹೆಚ್ಚು ಮಾತಿಲ್ಲ. ಕಾಫಿ ಬಂತು. ಹನುಮಂತಯ್ಯನ ಎದೆ ತಿಂಗಳುಗಟ್ಟಲೆ ಆದ ಮೇಲೆ ಹಗುರಾಯಿತು.

“ಈಗ ಎಲ್ಲಿದೀರಿ?” ಎಂದರು ಗಂಗಲಕ್ಷ್ಮಮ್ಮ.

“ಆರ್‌ಪಿಸಿ ಲೇಔಟು.”

“ಹೆಸರು?”

“ಹನುಮಂತಯ್ಯ ಅಂತ.”

ಗಂಗಲಕ್ಷ್ಮಮ್ಮನವರ ಕೈಯಲ್ಲಿದ್ದ ಲೋಟ ಗಾಳಿಯಲ್ಲೇ ನಿಂತಿತು. ಗಂಡನ ಮುಖ ನೋಡಿದರು. ಕರಿಬಸಪ್ಪನವರು ಕೆಂಪಾಗಿ, ಎದ್ದು ಒಳಗೆ ಹೋದರು. ಒಳಗೆ ಬೀರು ತೆಗೆದ ಸದ್ದಾಯಿತು.

“ದೇವ್ರೇ ನಿಮ್ಮನ್ನ ಕಳ್ಸಿದಾನೆ,” ಎಂದು ಗಂಗಲಕ್ಷ್ಮಮ್ಮ ಕೈ ಮುಗಿದರು. “ಒಂದು ತಿಂಗಳಿಂದ ಲ್ಯಾಬಿಗೆ ಹೋಗೋಕೆ ನಾಚ್ಕೊಂಡು ಖಾಲಿ ಡಬ್ಬೀನ ಬೀರುವಲ್ಲಿ ಇಟ್ಕೊಂಡು ಕೂತಿದಾರೆ. ಇವರೊಬ್ರೇ ಅಲ್ಲ, ಈ ರಸ್ತೇಲಿ ಹದಿನಾರು ಮನೆ ಇದೆ, ಎಲ್ರದೂ ಇದೇ ಕತೆ. ಅಡ್ವಾನ್ಸು ಗಿಡ್ವಾನ್ಸು ಏನೂ ಬೇಡಿ ಹನುಮಂತಯ್ಯನೋರೇ, ನಾಳೆ ಬೆಳಿಗ್ಗೇನೇ ಬಂದ್ಬಿಡಿ!”